ನಿಮ್ಮ ಬೂದು ಬಣ್ಣದ ಕೋಟು

ಮಾರ್ಚ್ ೧೪, ಶನಿವಾರ

ನನ್ನ ಮಗಳ ತಂದೆಯವರಿಗೆ,

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಪತ್ರಗಳೆಲ್ಲ ಬಂದಿವೆ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಕುಳಿತಾಗಲೆಲ್ಲ ಮೇಜಿನ ಮೇಲೆ ಯಾವುದೋ ಬಟ್ಟೆ ಹರಡಿಕೊಂಡಿರುತ್ತಿತ್ತು, ಅದನ್ನು ಸರಿಸಲು ಮನಸ್ಸಾಗುತ್ತಿರಲಿಲ್ಲ. ಹೌದು, ಮತ್ತೆ ಹೊಲಿಯುತ್ತಿದ್ದೇನೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಮೊದಲೇ ಬರೆದುಬಿಟ್ಟೆ.

ತಿಂಗಳ ಕೊನೆಗೆ ಬಿಡುಗಡೆ, ಜೈಲಿನಿಂದ ನೇರ ಮನೆಗೇ ಬರುತ್ತೇನೆ, ಬೂದು ಬಣ್ಣದ ಕೋಟು ಇಸ್ತ್ರಿ ಮಾಡಿಸಿಡು ಎಂದು ಬರೆದಿದ್ದೀರಿ. ಕೋಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದೆಲ್ಲ ಶುರುವಾದದ್ದು ಬೀದಿ ಕಡೆಯ ಕಿಟಕಿಯಿಂದ. ಪೊಲೀಸರು ಬಂದ ಸಂಜೆ ನೀವು ನನ್ನನ್ನು ಆ ಕಿಟಕಿಗೆ ಎಸೆದಿರಲ್ಲ, ಆಗ ಪರದೆ ಹಿಡಿದುಕೊಂಡೇ ಬಿದ್ದೆ, ಅದೂ ನನ್ನ ಜೊತೆಗೆ ಹರಿದು ಬಂತು. ನನ್ನ ಕೊರಳೆಲುಬು ಕೂಡಿಕೊಂಡ ಮೇಲೂ ಎಷ್ಟೋ ತಿಂಗಳು ಕಿಟಕಿಗೆ ಹಳೆಯ ಪೇಪರ್ ಅಂಟಿಸಿಕೊಂಡೇ ಇದ್ದೆವು. ಒಂದು ದಿನ ಮಗಳು, "ಅಮ್ಮ, ಬೀದೀಲಿ ಹೋಗೋರು ನಿಂತು ನಮ್ಮ ಕಿಟಕಿ ಓದ್ತಾರೆ. ಸುದ್ದಿ ಹಳೇದಾಯ್ತು, ಬದಲಾಯಿಸು" ಎಂದಳು. ಪರದೆ ಬಟ್ಟೆ ತರಲು ಚೀಲ ಹಿಡಿದು ಹೊರಟವಳು, ಯಾಕೋ ವಾಪಸ್ ಬಂದು ನಿಮ್ಮ ಬೀರು ತೆರೆದೆ.

ಗಂಡಸಿನ ಶರ್ಟಿನಲ್ಲಿ ಬೆನ್ನಿನ ಭಾಗದಷ್ಟು ಒಳ್ಳೆಯ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ. ಗುಂಡಿ ಇಲ್ಲ, ಜೇಬಿಲ್ಲ, ಸವೆತವಿಲ್ಲ. ಈಚಿನ ವರ್ಷಗಳಲ್ಲಿ ನೀವು ದಪ್ಪಗಾದದ್ದು ಉಪಕಾರವೇ ಆಯಿತು. ನಾಲ್ಕು ಬೆನ್ನು ಜೋಡಿಸಿದರೆ ಒಂದು ಕಿಟಕಿ ಮುಚ್ಚುತ್ತದೆ.

ಹೊಲಿಗೆ ಯಂತ್ರ ಮೂಲೆಯಲ್ಲಿ ಮುಚ್ಚಿದ ಹಾಗೇ ಇತ್ತು, ಅದರ ಮೇಲೆ ನಿಮ್ಮ ರೇಡಿಯೋ. ಅದನ್ನು ಮುಚ್ಚಿದವರು ನೀವೇ. ಅವತ್ತು ನಾನು ಪಕ್ಕದ ಮನೆಯ ಮೇಷ್ಟ್ರ ಶರ್ಟಿಗೆ ತೋಳು ಕೂರಿಸುತ್ತಿದ್ದೆ. "ಅವನ ಭುಜದ ಅಳತೆ ನಿನಗೆ ಹೇಗೆ ಗೊತ್ತು?" ಎಂದು ಮೆಲ್ಲಗೆ ಕೇಳಿದಿರಿ. "ಹಳೇ ಶರ್ಟು ಕೊಟ್ಟಿದ್ದಾರೆ, ಅದನ್ನ ನೋಡಿ" ಎಂದೆ. ನೀವು ಯಂತ್ರವನ್ನು ಮೇಜಿನೊಳಕ್ಕೆ ಮಡಚಿ, ನನ್ನ ಎಡಗೈಯನ್ನು ಅಂಚಿನ ಮೇಲಿಟ್ಟು, ಮುಚ್ಚಳ ಹಾಕಿ ಅದರ ಮೇಲೆ ಕುಳಿತಿರಿ. ಕುಳಿತುಕೊಂಡು ಅದೇ ಪ್ರಶ್ನೆ ಮತ್ತೆ ಕೇಳಿದಿರಿ. ಕಿರುಬೆರಳು ಮತ್ತು ಅದರ ಪಕ್ಕದ್ದು ಇವತ್ತಿಗೂ ಮಡಚುವುದಿಲ್ಲ. ನಿಮಗೆ ಸಮಾಧಾನವಾಗುವುದಾದರೆ ಹೇಳುತ್ತೇನೆ, ಬಟ್ಟೆ ಒತ್ತಿ ಹಿಡಿಯಲು ಮಡಚದ ಬೆರಳೇ ವಾಸಿ.

ರಿಪೇರಿಯವರನ್ನು ಕರೆಸಿದೆ. ಯಂತ್ರದ ಹೊಟ್ಟೆಗೆ ಎಣ್ಣೆ ಬಿಡುತ್ತಾ, "ತುಕ್ಕೇನೂ ಇಲ್ಲ ತಾಯಿ, ಇದು ಬರೀ ಮುನಿಸು. ಎರಡು ದಿನ ಮಾತಾಡಿಸಿ, ಸರಿಹೋಗುತ್ತೆ" ಎಂದರು. ಬೆರಳಿಗೇನಾಯಿತು ಎಂದು ಕೇಳಿದರು. ಮುಚ್ಚಳ ಬಿತ್ತು ಎಂದೆ. ಅವರು ಇನ್ನೇನೂ ಕೇಳದೆ ಮುಚ್ಚಳದ ಕೀಲುಗಳ ಸ್ಕ್ರೂ ಬಿಚ್ಚಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. "ಧೂಳು ಕೂರುತ್ತಲ್ಲ" ಎಂದೆ. "ದಿನಾ ಹೊಲಿದರೆ ಧೂಳಿಗೆ ಜಾಗ ಎಲ್ಲಿ?" ಎಂದರು.

ನಿಜ ಹೇಳಬೇಕೆಂದರೆ ಹೊಲಿಯುವುದಕ್ಕಿಂತ ಮೊದಲು ರುಚಿ ಹತ್ತಿದ್ದು ಹರಿಯುವುದರಲ್ಲಿ. ಕಾಲರ್ ಒಳಗಿನ ಗಟ್ಟಿ ಪಟ್ಟಿ ಸೀಳುವಾಗ ಕತ್ತರಿ ಎಲುಬು ಕಡಿದಂತೆ ಸದ್ದು ಮಾಡುತ್ತದೆ. ಶರ್ಟನ್ನು ನೆಲಕ್ಕೆ ಬೋರಲು ಕೆಡವಿ, ಬೆನ್ನಿನ ಮೇಲೆ ಮೊಣಕಾಲು ಊರಿ, ತೋಳನ್ನು ಹಿಂದಕ್ಕೆ ಎಳೆದರೆ ಭುಜದ ಹೊಲಿಗೆ ಒಂದೇ ಸಲಕ್ಕೆ ಬಿಡುತ್ತದೆ. ಈ ಪಟ್ಟು ನಿಮ್ಮಿಂದ ಕಲಿತದ್ದು. ಮೊದಲ ವಾರ ಹೀಗೇ ಹರಿದೆ, ಬೆವರಿದೆ, ಕೈಗೆ ಬೊಬ್ಬೆ ಬಂತು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಆಮೇಲೆ ನಿಧಾನವಾಗಿ ಜೋಡಿಸುವ ಆಸೆ ಬಂತು. ಬೆಳಿಗ್ಗೆ ಎದ್ದ ಕೂಡಲೆ, ನೀಲಿ ಗೆರೆಯದರ ಪಕ್ಕಕ್ಕೆ ಬಿಳಿ ಇಡಲೋ ಕಂದು ಇಡಲೋ ಎಂಬ ಯೋಚನೆ. ಇಷ್ಟು ಸಣ್ಣ ಯೋಚನೆಯೊಂದಿಗೆ ಏಳುವುದು ಎಂಥ ಸುಖ ಎಂದು ನನಗೆ ಮರೆತೇ ಹೋಗಿತ್ತು. ನಿಮ್ಮ ಪ್ಯಾಂಟುಗಳು ಕುಳಿತಲ್ಲಿ ಸವೆದಿವೆ, ತೊಡೆಯ ಭಾಗ ಗಟ್ಟಿಯಿದೆ. ಅವು ಈಗ ಸಂತೆಚೀಲ, ಏಪ್ರನ್, ಬಿಸಿ ಪಾತ್ರೆ ಹಿಡಿಯುವ ಬಟ್ಟೆ. ಮೇಲಿನ ಮನೆಯ ನರ್ಸ್ ಒಂದು ಚೀಲ ತೆಗೆದುಕೊಂಡು, "ನಿನ್ನ ಗಂಡ ಈಗಲಾದರೂ ಒಬ್ಬರ ಭಾರ ಹೊತ್ತ" ಎಂದಳು.

ಹೋದ ಭಾನುವಾರ ಅತ್ತೆಯನ್ನು ಕರೆದುಕೊಂಡು ನಿಮ್ಮ ತಮ್ಮ ಬಂದಿದ್ದರು. ಏನಾಯಿತೆಂದು ಅವರು ತಮಗೆ ಬೇಕಾದ ಹಾಗೆ ಹೇಳಿರುತ್ತಾರೆ. ಆದದ್ದು ಇದು.

"ಅಣ್ಣನ ಬಟ್ಟೆ ಕೊಡಿ ಅತ್ತಿಗೆ, ಬಿಡುಗಡೆ ದಿನಕ್ಕೆ ಬೇಕು" ಎಂದರು.

"ಕಣ್ಣಿಗೆ ಕಾಣೋದೆಲ್ಲ ಅವರದೇ, ತಗೊಳ್ಳಿ" ಎಂದೆ.

ಅವರು ಬೀರು ತೆರೆದರು. ಖಾಲಿ. ಪರದೆ ನೋಡಿದರು, ದಿಂಬುಗಳನ್ನು ನೋಡಿದರು. ಒಂದು ದಿಂಬಿನ ಮೇಲೆ ನಿಮ್ಮ ಶರ್ಟಿನ ಜೇಬು ಹಾಗೇ ಇತ್ತು, ಮಗಳು ಅದರಲ್ಲಿ ಪೆನ್ಸಿಲ್ ಇಡುತ್ತಾಳೆ. "ತಲೆ ನೆಟ್ಟಗಿದೆಯಾ ನಿಂದು?" ಎಂದವರೇ ಯಂತ್ರದ ಮೇಜಿಗೆ ಒದ್ದರು. ಅದು ಅಲುಗಾಡಿತು, ಬೀಳಲಿಲ್ಲ. ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಮುಖವನ್ನು ಸೂಜಿಯ ಹತ್ತಿರಕ್ಕೆ ಒತ್ತಿದರು. ಇನ್ನೊಂದು ಅಂಗೈಯನ್ನು ಮೇಜಿಗೆ ಊರಿದ್ದರು. ನನಗೆ ಕಾಣುತ್ತಿದ್ದದ್ದು ಆ ಕೈ ಮಾತ್ರ. ಕತ್ತರಿ ನನ್ನ ಬಲಗೈಯಲ್ಲೇ ಇತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆತ್ತಗಿನ ಜಾಗವಿದೆಯಲ್ಲ, ಅಲ್ಲಿಗೆ ಇಳಿಸಿದೆ. ಮರದವರೆಗೂ ಹೋಯಿತು. ಅವರು ಕೂಗಿದರು, ಆದರೆ ಜಡೆ ಬಿಡಲಿಲ್ಲ. ನಾನೂ ಕತ್ತರಿ ಬಿಡಲಿಲ್ಲ. ಅರ್ಧ ಹೊಲಿದ ದಿಂಬಿನ ಚೀಲಕ್ಕೆ ರಕ್ತ ಹರಿಯಿತು. ನಾವಿಬ್ಬರೂ ಹಾಗೇ ನಿಂತಿದ್ದೆವು.

ಆಗ ಅತ್ತೆ ಕುರ್ಚಿಯಿಂದ ಏಳದೆ ತಮ್ಮ ಮಗನಿಗೆ ಹೇಳಿದರು: "ಮೊದಲು ಅವಳ ಕೂದಲು ಬಿಡು. ಆಮೇಲೆ ನಿನ್ನ ಕೈ ಕೇಳು."

ಅವರು ಬಿಟ್ಟರು. ನಾನು ಕತ್ತರಿ ಎಳೆದೆ. ನರ್ಸ್ ಇಳಿದು ಬಂದು ಗಾಯ ನೋಡಿ, "ಹೊಲಿಗೆ ಬೇಕು. ನೀನು ಹಾಕ್ತೀಯಾ, ನಾನು ಹಾಕಲಾ?" ಎಂದು ನನ್ನನ್ನು ಕೇಳಿದಳು. ನಿಮ್ಮ ತಮ್ಮನ ಮುಖ ಇನ್ನಷ್ಟು ಬಿಳುಚಿತು. ನಿಮ್ಮ ಬಿಳಿ ಶರ್ಟಿನ ಪಟ್ಟಿಯಿಂದಲೇ ಕಟ್ಟು ಹಾಕಿದಳು, ಒಳ್ಳೆಯ ಹತ್ತಿ ಎಂದಳು. ಹೊರಡುವಾಗ ಅತ್ತೆ ನಿಮ್ಮ ಚೌಕಳಿ ಶರ್ಟಿನ ದಿಂಬನ್ನು ಎತ್ತಿಕೊಂಡು, "ಇದು ನಂಗಿರಲಿ. ಸೊಂಟಕ್ಕೆ" ಎಂದರು. ಕೊಟ್ಟೆ. ಮೆಟ್ಟಿಲಿಳಿಯುವಾಗ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು.

ಈಗ ಕೋಟು. ಅದನ್ನು ಬಿಚ್ಚಲು ಬಹಳ ಸಮಯ ಹಿಡಿಯಿತು, ಹೊಲಿದವನು ಕಸುಬು ಗೊತ್ತಿದ್ದವನು. ಅದರಿಂದ ಮಗಳಿಗೆ ಶಾಲೆಯ ಚೀಲ ಮಾಡಿದೆ, ಒಳಗೆ ಕೋಟಿನದೇ ರೇಷ್ಮೆಯ ಅಸ್ತರಿ. ನಾನು ಇದುವರೆಗೆ ಹೊಲಿದವುಗಳಲ್ಲಿ ಅದೇ ಚೆಂದ. ಹೆಗಲಿಗೆ ಹಾಕಲು ಗಟ್ಟಿ ಪಟ್ಟಿ ಬೇಕಿತ್ತು. ನಿಮ್ಮ ಬೆಲ್ಟು ಬೀರುವಿನ ಬಾಗಿಲಿಗೆ ನೇತಾಡುತ್ತಿತ್ತು. ಅಗಲವಾದದ್ದು, ಒಳ್ಳೆಯ ಚರ್ಮ. ಬಕಲ್ ಕತ್ತರಿಸಿ ತೆಗೆದರೆ ಅಳತೆ ಸರಿಯಾಗಿತ್ತು. ನನ್ನ ತಲೆಯಲ್ಲಿ ಅಳತೆ ಬಿಟ್ಟು ಬೇರೇನೂ ಇರಲಿಲ್ಲ. ಈ ಮನೆಯಲ್ಲಿ ಕೆಲಸಕ್ಕೆ ಬಾರದ ವಸ್ತುವೇ ಇಲ್ಲ ಎಂಬ ಹುಮ್ಮಸ್ಸು.

ಮಗಳು ಶಾಲೆಯಿಂದ ಬಂದು ಚೀಲ ನೋಡಿ ನಕ್ಕಳು. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಹಿಡಿದಳು. ನಗು ಹಾಗೇ ನಿಂತಿತು. ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು, "ಚೀಲ ಚೆನ್ನಾಗಿದೆ ಅಮ್ಮ" ಎಂದಳು. ಹೊಲಿಗೆ ಬಿಚ್ಚುವ ಮುಳ್ಳು ತೆಗೆದುಕೊಂಡು, ಬಟ್ಟೆಗೆ ಒಂದು ಗೀರೂ ಬೀಳದ ಹಾಗೆ ಬೆಲ್ಟನ್ನು ಬೇರೆ ಮಾಡಿದಳು. ಆಮೇಲೆ ದೊಡ್ಡ ಕತ್ತರಿ ಕೇಳಿದಳು. ನಾನು ಹಿಡಿದುಕೊಡಲಾ ಎಂದರೆ ಬೇಡವೆಂದಳು. ನೆಲದ ಮೇಲೆ ಕುಳಿತು, ಎರಡೂ ಕೈಯಲ್ಲಿ ಕತ್ತರಿ ಅದುಮಿ, ಹಲ್ಲು ಕಚ್ಚಿಕೊಂಡು ಅದನ್ನು ಬೆರಳಷ್ಟು ಬೆರಳಷ್ಟು ತುಂಡು ಮಾಡಿದಳು. ಕತ್ತಲಾಗುವವರೆಗೂ ಮಾಡಿದಳು. ಮರುದಿನ ಕಸದ ಗಾಡಿಗೆ ತಾನೇ ಹಾಕಿ ಬಂದಳು. ಚೀಲಕ್ಕೆ ಈಗ ಪ್ಯಾಂಟಿನ ಬಟ್ಟೆಯ ಹೆಣೆದ ಪಟ್ಟಿಯಿದೆ.

ಹಾಗಾಗಿ ಇಸ್ತ್ರಿ ಮಾಡಿಸಲು ಕೋಟಿಲ್ಲ. ತೊಡಲು ಶರ್ಟಿಲ್ಲ. ಈ ಮನೆಯಲ್ಲಿ ನಿಮ್ಮ ಅಳತೆಯದು ಯಾವುದೂ ಉಳಿದಿಲ್ಲ. ಬಾಡಿಗೆ ಕರಾರು ನನ್ನ ಹೆಸರಿಗಾಗಿದೆ, ಬೀಗ ಬದಲಾಗಿದೆ. ನೀವು ಈ ಬೀದಿಗೆ ಬರಕೂಡದು ಎಂದು ಕೋರ್ಟು ಕೊಟ್ಟ ಆದೇಶ ಇಷ್ಟರಲ್ಲೇ ನಿಮ್ಮ ಕೈಗೂ ಬರುತ್ತದೆ. ಕತ್ತರಿಗೆ ಸಾಣೆ ಹಿಡಿಸಿದ್ದೇನೆ. ಬೆದರಿಕೆ ಅಂದುಕೊಳ್ಳಬೇಡಿ, ದಪ್ಪ ಬಟ್ಟೆಗೆ ಬೇಕಾಗುತ್ತದೆ. ಏನೆಂದುಕೊಂಡರೂ ಬರಬೇಡಿ.

ಅಲ್ಲಿ ಬಡಗಿ ಕೆಲಸ ಕಲಿಸುತ್ತಾರೆಂದು ಅತ್ತೆ ಹೇಳಿದರು. ಮನಸ್ಸಿಟ್ಟು ಕಲಿಯಿರಿ. ಎಲ್ಲಾದರೂ ದೂರದಲ್ಲಿ ನಿಮ್ಮ ಕೈಗೆ ದಣಿಯುವಷ್ಟು ಕೆಲಸ ಸಿಗಲಿ, ದಣಿದ ಕೈ ಮಲಗಲಿ. ನಿಮಗೆ ಇದಕ್ಕಿಂತ ಒಳ್ಳೆಯದನ್ನು ಹಾರೈಸಲು ನನಗೆ ಬರುವುದಿಲ್ಲ.

ಇಂತಿ,
ಮಗಳ ತಾಯಿ

ಮರೆತ ಮಾತು: ನಿಮ್ಮ ಕೊನೆಯ ಪತ್ರದ ಒಂದು ದೂರಿಗೆ ಉತ್ತರ ಬರೆಯದೆ ಬಿಟ್ಟಿದ್ದೆ. ಕೋರ್ಟಿನ ಮೊಗಸಾಲೆಯಲ್ಲಿ ಮಗಳನ್ನು ಹೆಸರು ಹಿಡಿದು ಎರಡು ಸಲ ಕರೆದರೂ ತಿರುಗಿ ನೋಡಲಿಲ್ಲ, ನೀನೇ ಅವಳ ಮನಸ್ಸು ಕೆಡಿಸಿದ್ದೀಯ ಎಂದು ಬರೆದಿದ್ದಿರಿ. ಪೊಲೀಸರು ಬಂದ ಸಂಜೆ ಅವಳು ನಮ್ಮ ನಡುವೆ ಬಂದಾಗ ನೀವು ಅವಳಿಗೆ ಒಂದೇ ಒಂದು ಏಟು ಕೊಟ್ಟಿರಿ, ಎಡ ಕೆನ್ನೆಗೆ. ಆ ಕಿವಿ ಅವತ್ತೇ ಹೋಯಿತು. ನನಗೂ ಗೊತ್ತಾದದ್ದು ಹೋದ ವಾರ. ವೈದ್ಯರು ಇನ್ನೇನೂ ಮಾಡಲಾಗದು ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಅಪ್ಪನಿಗೆ ಶಿಕ್ಷೆ ಇನ್ನೂ ಜಾಸ್ತಿ ಆಗುತ್ತಿತ್ತಲ್ಲ ಎಂದಳು. ಮೊಗಸಾಲೆಯ ಆ ಗದ್ದಲದಲ್ಲಿ ನೀವು ನಿಂತಿದ್ದದ್ದು ಅವಳ ಎಡಕ್ಕೆ. ಬಲಗಡೆಯಿಂದ ಕರೆದಿದ್ದರೆ ತಿರುಗುತ್ತಿದ್ದಳು.