ಕೊನೆಯ ಕ್ಲಿಕ್ಕು

ನವೆಂಬರ್ ೧೪, ಶುಕ್ರವಾರ

ಎದೆಬಡಿತ ಈಗಷ್ಟೇ ಹತೋಟಿಗೆ ಬಂದಿದೆ. ಇಂದು ನಾನು ಫೋಟೊ ತೆಗೆಯುತ್ತಿದ್ದ ಮದುವೆಗೆ, ಚಿಕಿತ್ಸೆಯಲ್ಲಿದ್ದ ಆಸ್ಪತ್ರೆಯಿಂದ ಹತ್ತೇ ನಿಮಿಷಕ್ಕೆಂದು ಬಂದಿದ್ದ ವಧುವಿನ ತಂದೆ ಮಗಳ ಕೆನ್ನೆ ಮುಟ್ಟಿದರು. ನಾನು ಕ್ಲಿಕ್ಕಿಸಿದೆ. ಅಷ್ಟರಲ್ಲೇ ನನ್ನ ಒಂಬತ್ತು ವರ್ಷದ ಕ್ಯಾಮೆರಾ ಕಟಕ್ಕೆಂದು ನಿಂತುಹೋಯಿತು. ಪರದೆ ಕಪ್ಪು, ಫೋಟೊ ಸೆರೆಯಾಯಿತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ಕ್ಯಾಮೆರಾ ತೆಗೆಯುವಷ್ಟರಲ್ಲಿ ಅವರು ಹೊರಟಿದ್ದರು. ಉಳಿದದ್ದನ್ನೆಲ್ಲ ಆ ಎರಡನೇ ಕ್ಯಾಮೆರಾದಲ್ಲೇ ತೆಗೆದೆ.

ಸಂಜೆ ಅಂಗಡಿಯಲ್ಲಿ ಕ್ಯಾಮೆರಾ ರಿಪೇರಿಯವರು ಅದರ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, "ನೋಡಿ ಮೇಡಂ, ಇದೆ" ಎಂದರು. ಬೆರಳು, ಕೆನ್ನೆ, ಇಬ್ಬರ ಕಣ್ಣು, ಎಲ್ಲವೂ ಸ್ಪಷ್ಟ. ಅಲ್ಲೇ ಸ್ಟೂಲು ಎಳೆದುಕೊಂಡು ಕೂತು ಮತ್ತೆ ಮತ್ತೆ ನೋಡಿದೆ.

"ಷಟರ್ ಸವೆದಿದೆ, ಅಷ್ಟೇ. ಎರಡು ಲಕ್ಷ ಫೋಟೊಗೆ ಅಂತ ಮಾಡಿದ್ದನ್ನ ನೀವು ಮೂರೂವರೆ ಲಕ್ಷ ದುಡಿಸಿದ್ದೀರ! ಹೊಸ ಷಟರ್ ಹಾಕಿದ್ರೆ ಕ್ಯಾಮೆರಾ ಇನ್ನೂ ನಡೆಯುತ್ತೆ."

ವಧುವಿಗೆ ಆ ಒಂದು ಫೋಟೊ ಕಳಿಸಿದೆ. ಈಗ ಉತ್ತರ ಬಂತು: "ಅಪ್ಪ ಸಿಕ್ಕಸಿಕ್ಕ ನರ್ಸಿಗೆಲ್ಲ ತೋರಿಸ್ತಿದ್ದಾರೆ ಅಕ್ಕ." ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಸಲ ಆ ಫೋಟೊ...