ಹಿತ್ತಲಿಗೊಂದು ಇದ್ದಿಲಿನ ಗ್ರಿಲ್

ಯಾದವಗಿರಿ, ಭಾನುವಾರ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ "ಬುಡವ್ವ, ನಂಗ್ಯಾಕೆ ಅದೆಲ್ಲ" ಎಂದು ಮಾತು ಮುಗಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮಗನ ಐವತ್ತನೇ ಹುಟ್ಟುಹಬ್ಬಕ್ಕೆ ನಮ್ಮ ಹಿತ್ತಲಲ್ಲೇ ಮೂವತ್ತು ಜನರಿಗೆ ಊಟ. ಗ್ರಿಲ್ ಕೊಳ್ಳಲು ಹೋದಾಗ ಅಂಗಡಿಯವರು ಗ್ಯಾಸಿನದು ಸುಲಭ ಎಂದರು. ನಾನು ಇದ್ದಿಲಿನ ದೊಡ್ಡದನ್ನೇ ಆರಿಸಿದೆ. ಕೆಂಡದಲ್ಲಿ ಸುಟ್ಟ ಬಾಡಿನ ರುಚಿಯೇ ಬೇರೆ ಎಂದು ನೀವು ನಿಮ್ಮ ತಂಗಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ನನ್ನ ಪನೀರು, ಜೋಳಕ್ಕೆ ಪಕ್ಕದಲ್ಲಿ ಚಿಕ್ಕದೊಂದು ಸಾಕು.

ಬಾಡು ತಿನ್ನದ ಮನೆಯಿಂದ ಬಂದವಳು ನಾನೆಂದು, ನಮ್ಮ ಮದುವೆಯಾದಾಗಿನಿಂದ ಹಿನಕಲ್ಲಿನ ನಿಮ್ಮ ಅಡುಗೆಮನೆಯಲ್ಲೇ ನೀವು ಅದನ್ನು ಬೇಯಿಸಲಿಲ್ಲ. ಆಸೆಯಾದಾಗ ತಂಗಿಯ ಮನೆಗೆ ಹೋಗಿ ಉಂಡು ಬಂದಿರಿ.

ಹುಟ್ಟುಹಬ್ಬದ ದಿನವೂ ಮೊಸರನ್ನವೇ ಸಾಕು ಎಂದಿರಂತೆ. ಹಾಗೆ ಮಾಡಬೇಡಿ ಅತ್ತೆ. ಬೆಳಿಗ್ಗೆಯೇ ಬನ್ನಿ, ಮಸಾಲೆ ನೀವೇ ಕಲೆಸಿ. ನಾನು ತಿನ್ನಲಾರೆ, ಆದರೆ ನಿಮ್ಮದನ್ನು ನಾನೇ ಸುಡುತ್ತೇನೆ. ಬೆಂದಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿರುತ್ತೇನೆ, ಕೂತು ಹೇಳಿಕೊಡಿ.

ನಿಮ್ಮ ಸೊಸೆ,
ಸುಷ್ಮಾ