ಕತ್ತರಿಯಿಂದ ಹಂಚಿದ ಗುಳಿಗೆ

ತಾಲೂಕಿನ ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ವೈದ್ಯರು ನನಗೆಂದು ಬರೆದುಕೊಟ್ಟ ಹಾರ್ಮೋನು ಗುಳಿಗೆಗಳ ಪಟ್ಟಿಯನ್ನು ಕತ್ತರಿಯಿಂದ ತುಂಡರಿಸಿ ನಾಲ್ವರು ಹೆಂಗಸರಿಗೆ ಹಂಚಿದವಳು ನಾನು. ತಪ್ಪೊಪ್ಪಿಕೊಳ್ಳುತ್ತೇನೆ. ಆದರೆ ಕಟಕಟೆಯಲ್ಲಿ ಒಬ್ಬಳೇ ನಿಲ್ಲಲು ಬೇಸರ; ದಯಮಾಡಿ ತಾವೂ ಬಂದು ಪಕ್ಕದಲ್ಲಿ ನಿಲ್ಲಬೇಕು.

ನನಗೆ ಐವತ್ತೊಂದು. ನಮ್ಮೂರ ರೊಟ್ಟಿ ಸಂಘದಲ್ಲಿ ಐದು ಒಲೆ, ಐದು ಜನ. ಎರಡು ವರ್ಷದ ಹಿಂದೆ ನನ್ನ ಮೈಯೊಳಗೇ ಆರನೆಯ ಒಲೆ ಹೊತ್ತಿಕೊಂಡಿತು. ಎದೆಯಿಂದ ನೆತ್ತಿಗೆ ಬಿಸಿ ಏರುತ್ತಿತ್ತು, ಸೀರೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದ ಸಿಟ್ಟು. ತಮ್ಮ ಆರೋಗ್ಯ ಕೇಂದ್ರಕ್ಕೆ ಬಂದೆ. ಸಿಸ್ಟರು ರಿಜಿಸ್ಟರು ತೆರೆದರು.

"ಗರ್ಭಿಣಿ ಏನ್ರಿ?"

"ಗರ್ಭಕೋಶನ ತಗಿಸೇನ್ರಿ."

"ಬಾಣಂತಿ?"

"ಮೊಮ್ಮಗಳು ಸಾಲಿಗಿ ಹೊಂಟಾಳವಾ."

"ಹಂಗಾರ ನಿಮ್ಮನ್ನ ಎಲ್ಲಿ ಬರೀಲ್ರಿ?"

ಪಾಪ, ಆ ಹುಡುಗಿಯದೇನು ತಪ್ಪು? 'ಇತರೆ' ಎಂದು ಬರೆದು ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದಳು. ಹೆಣ್ಣಿನ ದೇಹ ಹೆರಿಗೆ ಕೋಣೆಯ ಬಾಗಿಲಲ್ಲೇ ಮುಗಿಯುತ್ತದೆ ಎಂದು ತಮ್ಮ ಇಲಾಖೆ ಯಾವಾಗ ತೀರ್ಮಾನಿಸಿತು? ತಮ್ಮ ಗೋಡೆಯ ಚಿತ್ರದಲ್ಲಿರುವ ಗರ್ಭಿಣಿ ಇಪ್ಪತ್ತು ವರ್ಷದಿಂದ ನಗುತ್ತಿದ್ದಾಳೆ. ಇಷ್ಟರಲ್ಲಿ ಅವಳಿಗೂ ಮುಟ್ಟು ನಿಂತಿರಬೇಕು, ಒಮ್ಮೆ ವಿಚಾರಿಸಿ.

ಕೊನೆಗೆ ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಸ್ತನದ ಕ್ಯಾನ್ಸರ್ ಆಗಿತ್ತೇ? ರಕ್ತ ಹೆಪ್ಪುಗಟ್ಟಿತ್ತೇ? ಪಾರ್ಶ್ವವಾಯು, ಯಕೃತ್ತಿನ ರೋಗ, ಕಾರಣ ತಿಳಿಯದ ರಕ್ತಸ್ರಾವ? ಬಿ.ಪಿ. ನೋಡಿ, ಕಡಿಮೆ ಪ್ರಮಾಣದ ಗುಳಿಗೆ ಬರೆದು, ಮೂರು ತಿಂಗಳಿಗೆ ಮತ್ತೆ ಬಾ ಎಂದರು. ತಿಂಗಳೊಳಗೆ ಆರನೆಯ ಒಲೆ ತಣ್ಣಗಾಯಿತು. ನನಗೆ ನಿಜಕ್ಕೂ ಮರುಜನ್ಮ ಬಂದಂತಾಯಿತು.

ನಮ್ಮ ಸಂಘದಲ್ಲಿ ಒಂದು ಕಟ್ಟುಪಾಡಿದೆ: ಯಾರು ಏನೇ ತಂದರೂ ಐದು ಪಾಲು. ಉಪ್ಪಿನಕಾಯಿ ಒಬ್ಬಳೇ ತಿಂದವಳಿಗೆ ಮರುದಿನ ಒಲೆಯಿಲ್ಲ. ಊಟವಾದ ಮೇಲೆ ನಾನು ಗುಳಿಗೆ ನುಂಗುವುದನ್ನು ಯಮನೂರಿನಿಂದ ಈ ಊರಿಗೆ ಸೊಸೆಯಾಗಿ ಬಂದ, ನನಗಿಂತ ಒಂದೆರಡು ವರ್ಷ ಚಿಕ್ಕವಳಾದ ಮಾದೇವಿ ನೋಡಿದಳು.

"ಅಕ್ಕಾ, ನೀ ಅಷ್ಟ ತಂಪಾದ್ರ ಹೆಂಗ? ನಮ್ಮ ಮೈ ಏನ್ ಕಲ್ಲೇನ?"

"ಡಾಕ್ಟರು ನನ್ನ ಏನೇನೋ ಕೇಳಿ ಕೊಟ್ಟಾರಬೇ."

"ನಮ್ಮನ್ನ ಯಾರ್ ಕೇಳ್ತಾರ?"

ಈ ಮಾತಿಗೆ ತಮ್ಮಲ್ಲಿ ಉತ್ತರವಿದೆಯೇ? ಕತ್ತರಿ ತಂದು ಪಟ್ಟಿಯನ್ನು ಐದು ಪಾಲು ಮಾಡಿದೆ. ಗುಳಿಗೆ ಮುಗಿದಾಗ ಪೇಟೆಗೆ ಹೋಗಿ ಖಾಲಿ ಪಟ್ಟಿ ತೋರಿಸಿದೆ. ಔಷಧದಂಗಡಿಯವನು ಚೀಟಿ ಕೇಳದೆ ಐದು ಪಟ್ಟಿ ಕೊಟ್ಟ.

ಮೂರನೆಯ ವಾರ ಮಾದೇವಿಯ ಮೀನಖಂಡ ಬಾತು ಕೆಂಪಾಯಿತು. ಒಲೆ ಮುಂದೆ ಕೂತಿದ್ದಕ್ಕೆ ಎಂದು ಎಣ್ಣೆ ಹಚ್ಚಿಕೊಂಡಳು. ಎರಡು ದಿನಕ್ಕೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ತಿಳಿಯಿತು: ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತು. ಹಿಂದೆ ಬಾಣಂತನದಲ್ಲೂ ಅದೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಅಂಥವಳು ಈ ಗುಳಿಗೆ ಮುಟ್ಟಲೇಬಾರದಿತ್ತು. ಇನ್ನೂ ಒಂದು ತಿಳಿಯಿತು: ನನ್ನದು ಗರ್ಭಕೋಶ ತೆಗೆಸಿದವರ ಗುಳಿಗೆ, ಗರ್ಭಕೋಶ ಇರುವವರು ಜೊತೆಗೆ ಇನ್ನೊಂದು ಹಾರ್ಮೋನು ತೆಗೆದುಕೊಳ್ಳದೆ ಅದೊಂದನ್ನೇ ನುಂಗಬಾರದು. ಉಳಿದ ಮೂವರಿಗೂ ಗರ್ಭಕೋಶವಿದೆ.

ಮಾದೇವಿ ಉಳಿದಳು. ಈಗ ಊರಲ್ಲಿ ಎಲ್ಲರೂ "ಆ ಗುಳಿಗಿ ವಿಷ ಐತಿ" ಎನ್ನುತ್ತಾರೆ. ವಿಷವಲ್ಲ, ಮಾನ್ಯರೇ. ನಾನು ಈಗಲೂ ತಪಾಸಣೆ ಮಾಡಿಸಿಕೊಂಡು ನುಂಗುತ್ತಿದ್ದೇನೆ. ಕೆಟ್ಟದ್ದು ಗುಳಿಗೆಯಲ್ಲ, ಪ್ರಶ್ನೆ ಕೇಳದೆ ಕೊಟ್ಟ ಕೈ. ಆ ಕೈ ನನ್ನದು. ಮಾದೇವಿ ಇಂದಿಗೂ ನನ್ನ ಪಕ್ಕದ ಒಲೆಗೇ ಕೂರುತ್ತಾಳೆ, ಉಪ್ಪಿನಕಾಯಿ ತಂದರೆ ನನ್ನ ಪಾಲನ್ನೇ ಮೊದಲು ಹಾಕುತ್ತಾಳೆ. ಬೈದಿದ್ದರೆ ಹಗುರಾಗುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ತಿಂಗಳಿಗೊಂದು ಮಂಗಳವಾರ ಒಬ್ಬ ಲೇಡಿ ಡಾಕ್ಟರು, ಬಿ.ಪಿ. ಯಂತ್ರ, ಬಾಗಿಲಿಗೊಂದು ಪರದೆ, ಆ ಅರ್ಧ ಗಂಟೆಯ ಪ್ರಶ್ನೆಗಳು. ಮೊದಲ ಮಂಗಳವಾರ ನಾವು ಐವರೂ ಒಲೆ ಆರಿಸಿ ಬರುತ್ತೇವೆ. ಸಾಲಿನ ಮುಂದೆ ಮಾದೇವಿ ನಿಲ್ಲುತ್ತಾಳೆ. ಅವಳನ್ನು ಯಾರು ಕೇಳುತ್ತಾರೆ ಎಂಬುದನ್ನು ಅಂದು ತಾವೇ ಅವಳಿಗೆ ಹೇಳಬೇಕು.

ಇಂತಿ,
ಕತ್ತರಿಯನ್ನು ಅಟ್ಟದ ಮೇಲಿಟ್ಟಿರುವ,
ತಮ್ಮ ರಿಜಿಸ್ಟರಿನ 'ಇತರೆ',
ಸಾವಿತ್ರೆವ್ವ